ಮಲಗಿ ಎದ್ದ ಲ್ಯಾಪ್‌ಟಾಪು

ನಿದ್ದೆಯಿಂದ ಎದ್ದ ಕೂಡಲೇ ಯಾರನ್ನೂ ಮಾತಾಡಿಸಬಾರದು ಎಂಬ ನಿಯಮ ನಮ್ಮ ಮನೆಯಲ್ಲಿತ್ತು. ತಿಪಟೂರಿನಲ್ಲಿ ನಮ್ಮಪ್ಪ ಮಧ್ಯಾಹ್ನದ ಸಣ್ಣ ನಿದ್ದೆ ಮುಗಿಸಿ ಎದ್ದು ಕೂತರೆ, ಕಾಫಿ ಲೋಟ ಕೈಗೆ ಬರುವ ತನಕ ನಾವು ಮಕ್ಕಳು ಆ ಕೋಣೆಯ ಹೊಸ್ತಿಲು ದಾಟುತ್ತಿರಲಿಲ್ಲ. ಹಾಗಾಗಿ ನನ್ನ ಲ್ಯಾಪ್‌ಟಾಪು ಮಲಗಿ ಎದ್ದ ಮೇಲೆ ಗುರ್ ಎನ್ನತೊಡಗಿದಾಗ ನನಗೆ ಮೊದಲು ಹುಟ್ಟಿದ್ದು ಸಿಟ್ಟಲ್ಲ, ಒಂದು ಬಗೆಯ ಗೌರವ. ಸ್ವಲ್ಪ ಹೊತ್ತು ಬಿಟ್ಟರೆ ಸರಿಹೋಗುತ್ತದೆ ಎಂದುಕೊಂಡು ನಾನೇ ಹೋಗಿ ಕಾಫಿ ಕುಡಿದು ಬಂದೆ. ಅದು ಗುರ್ ಎನ್ನುತ್ತಲೇ ಇತ್ತು. ಬಾಣವನ್ನು ಪರದೆಯ ಈ ತುದಿಯಿಂದ ಆ ತುದಿಗೆ ಎಳೆದರೆ, ಸರ್ಕಾರಿ ಕಚೇರಿಯಲ್ಲಿ ಕಡತ ಸಾಗುವ ಹಾಗೆ, ಎಲ್ಲೋ ನಿಂತು, ಯಾರನ್ನೋ ವಿಚಾರಿಸಿಕೊಂಡು ಮುಂದೆ ಹೋಗುತ್ತಿತ್ತು.

ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಾಗಬೇಕು, ಯಾಕೆಂದರೆ ಯಂತ್ರಗಳ ಕಾಯಿಲೆಯೇ ನನ್ನ ಹೊಟ್ಟೆಪಾಡು. ಕೊಯಮತ್ತೂರಿನ ಒಂದು ಪಂಪ್‌ಸೆಟ್ ಕಾರ್ಖಾನೆಗೆ ನಾನು ಕನ್ನಡದ ಕೈಪಿಡಿಗಳನ್ನು ಬರೆಯುತ್ತೇನೆ. ನೀವು ಪಂಪ್‌ಸೆಟ್ ಕೊಂಡಿದ್ದರೆ, ಪೆಟ್ಟಿಗೆಯೊಳಗೆ ಥರ್ಮೋಕೋಲಿನ ಪಕ್ಕದಲ್ಲಿ ಒಂದು ತೆಳ್ಳನೆಯ ಪುಸ್ತಕ ಸಿಕ್ಕಿರುತ್ತದೆ. ನೀವು ಅದನ್ನು ಓದಿರುವುದಿಲ್ಲ. ಅದರ ಕೊನೆಯ ಪುಟದಲ್ಲಿ ಮೂರು ಅಂಕಣದ ಒಂದು ಪಟ್ಟಿ ಇರುತ್ತದೆ: ತೊಂದರೆ, ಕಾರಣ, ಪರಿಹಾರ. ಆ ಪಟ್ಟಿ ನನ್ನದು. ಪಂಪು ಓಡುತ್ತಿದೆ ಆದರೆ ನೀರು ಬರುತ್ತಿಲ್ಲ, ಮೋಟಾರು ಬಿಸಿಯಾಗುತ್ತಿದೆ, ಶಬ್ದ ಹೆಚ್ಚಾಗಿದೆ, ಹೀಗೆ. ಈ ಪಟ್ಟಿಗಳಿಗೊಂದು ಶಿಸ್ತಿದೆ. ಅಗ್ಗದ ಕಾರಣ ಮೊದಲು ಬರಬೇಕು, ದುಬಾರಿ ಕಾರಣ ಕೊನೆಗೆ. ಆದ್ದರಿಂದಲೇ ಲೋಕದ ಎಲ್ಲ ಕೈಪಿಡಿಗಳೂ ‘ಕರೆಂಟು ಇದೆಯೇ ನೋಡಿ’ ಎಂದು ಶುರುವಾಗುತ್ತವೆ. ಓದುವವರಿಗೆ ಅವಮಾನವೆನಿಸುತ್ತದೆ, ನಿಜ. ಆದರೆ ಬಹಳಷ್ಟು ಸಲ ಕರೆಂಟೇ ಇರುವುದಿಲ್ಲ.

ಇಂಥ ಶಿಸ್ತಿನ ಹುಡುಗಿ ಸ್ವಂತ ದಿನಚರಿಯನ್ನೂ ಹಾಗೇ ಇಟ್ಟಿರುತ್ತಾಳೆ ಎಂದು ನೀವು ಊಹಿಸಬಹುದು. ಊಹೆ ಸರಿ. ಯಾವ ದಿನ ಏನು ತಿಂದೆ, ಯಾವ ಬಸ್ಸು ಎಷ್ಟು ತಡವಾಗಿ ಬಂತು, ಎಲ್ಲಕ್ಕೂ ನನ್ನಲ್ಲಿ ತಾರೀಖಿದೆ, ಪಕ್ಕದಲ್ಲಿ ಗೀಟು ಹಾಕಿದ ಲೆಕ್ಕವಿದೆ. ಹಾಸ್ಟೆಲಿನಲ್ಲಿದ್ದಾಗ ಜೊತೆಯ ಹುಡುಗಿಯರು ಇದನ್ನು ನೋಡಿ ನಗುತ್ತಿದ್ದರು. ಆಮೇಲೆ ಹಾಲಿನವನ ಜೊತೆ ಜಗಳ ಬಂದಾಗ ನನ್ನ ಬಾಗಿಲನ್ನೇ ತಟ್ಟುತ್ತಿದ್ದರು.

ಈಗ ನಾನಿರುವುದು ಅವಿನಾಶಿಯಲ್ಲಿ, ಸರೋಜಕ್ಕನ ಮನೆಯ ಮಹಡಿ ಕೋಣೆಯಲ್ಲಿ. ಕೆಳಗೆ ಅವರ ಮನೆ, ಪಕ್ಕದ ತಗಡಿನ ಶೆಡ್ಡಿನಲ್ಲಿ ಅವರ ಯಜಮಾನರು ಪಳನಿಸಾಮಿ ಅಣ್ಣ ನಡೆಸುವ ವಿದ್ಯುತ್ ಮಗ್ಗಗಳು. ಈ ಮನೆಯವರು ಕನ್ನಡದವರು. ಎಷ್ಟು ತಲೆಮಾರಿನ ಹಿಂದೆ ಇತ್ತ ಬಂದರೋ ಅವರಿಗೇ ತಿಳಿಯದು. ಅಂಗಡಿ, ಶಾಲೆ, ವ್ಯಾಪಾರ ಎಲ್ಲ ತಮಿಳು. ಅಡುಗೆಮನೆಯೊಳಗೆ ಮಾತ್ರ ಕನ್ನಡ, ಅದೂ ತಮಿಳಿನ ರಾಗದಲ್ಲಿ. ಕನ್ನಡದ ಅಕ್ಷರ ಯಾರಿಗೂ ಬಾರದು. ನಾನು ಕೊಯಮತ್ತೂರಿನ ಹಾಸ್ಟೆಲಿನಲ್ಲಿ ಕನ್ನಡವನ್ನು ಫೋನಿನಲ್ಲಿ ಮಾತ್ರ ಆಡುತ್ತ, ಹಗಲೆಲ್ಲ ಕನ್ನಡದಲ್ಲೇ ಬರೆಯುತ್ತ ಇದ್ದ ಕಾಲದಲ್ಲಿ, ಕಾರ್ಖಾನೆಯ ಒಬ್ಬರು ಈ ಮನೆಯ ವಿಷಯ ಹೇಳಿದರು. ನೋಡಲು ಬಂದ ದಿನ ಸರೋಜಕ್ಕ ಬಾಗಿಲಲ್ಲೇ ನಿಂತು, “ಬಾ ಕಣ್ಣು, ಬಿಸಿಲಲ್ಲಿ ಬಂದಿದ್ದೀಯ, ಕೊಂಜ ಮೋರು ಕುಡಿ” ಎಂದರು; ಕಣ್ಣು ಎಂಬುದು ಅವರ ಬಾಯಲ್ಲಿ ಮುದ್ದಿನ ಕರೆ. ಕೋಣೆಯನ್ನು ನಾನು ನೋಡಿದ್ದು ಮಜ್ಜಿಗೆ ಕುಡಿದ ಮೇಲೆ, ಒಪ್ಪಿಕೊಂಡದ್ದು ಅದಕ್ಕೂ ಮೊದಲು.

ಬಂದ ಮೇಲೆ ನನ್ನ ಕೈಪಿಡಿಗಳಿಗೂ ಒಬ್ಬರು ಕೇಳುಗರು ಸಿಕ್ಕಿದರು. ಸಂಜೆ ಸರೋಜಕ್ಕ ಅವರೆಕಾಯಿ ಬಿಡಿಸುತ್ತ ಕೂತಿದ್ದಾಗ ನಾನು ಬರೆದದ್ದನ್ನು ಓದುತ್ತೇನೆ. ‘ಖಚಿತಪಡಿಸಿಕೊಳ್ಳಿ’ ಎಂಬ ಮಾತು ಬಂದಾಗಲೆಲ್ಲ ಅವರು ನಗುತ್ತಾರೆ. ನೋಡು ಅಂದರೆ ಸಾಲದೇ, ಅದಕ್ಯಾಕೆ ಇಷ್ಟು ಉದ್ದದ ಮಾತು ಎಂದು ಅವರ ಪ್ರಶ್ನೆ. ನನ್ನ ವಾಕ್ಯಗಳು ಈಚೆಗೆ ಗಿಡ್ಡವಾಗಿದ್ದರೆ ಅದಕ್ಕೆ ಅವರೆಕಾಯಿಯೇ ಕಾರಣ. ಒಂದು ಸಂಜೆ, ‘ಓಡುತ್ತಿರುವ ಮೋಟಾರಿನ ಮೇಲೆ ಗೋಣಿಚೀಲ ಹೊದಿಸಬೇಡಿ, ಗಾಳಿಯಾಡದೆ ಮೋಟಾರು ಸುಡುತ್ತದೆ’ ಎಂದು ಓದಿದೆ. ಮಳೆ ಬಿದ್ದೀತೆಂದು ತೋಟದಲ್ಲಿ ಗೋಣಿಚೀಲ ಹಾಕಿಬಿಡುತ್ತಾರೆ, ಅದಕ್ಕೇ ಈ ಸಾಲು ಎಂದು ವಿವರಿಸಿದೆ. ಇಂಥ ಪೆದ್ದುತನವನ್ನು ಯಾರು ತಾನೇ ಮಾಡುತ್ತಾರೆ ಎಂದು ಸರೋಜಕ್ಕ ನಕ್ಕರು. ನಾನೂ ನಕ್ಕೆ. ಈ ನಗುವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಮತ್ತೆ ಲ್ಯಾಪ್‌ಟಾಪಿಗೆ ಬರುತ್ತೇನೆ. ವಾರದಲ್ಲಿ ಎರಡು ದಿನ ಕಾರ್ಖಾನೆಗೆ ಹೋಗುವುದು, ಉಳಿದ ದಿನ ಮನೆಯಿಂದಲೇ ಕೆಲಸ ಎಂಬ ಏರ್ಪಾಡಿನ ಮೇಲೆ ನಾನು ಅವಿನಾಶಿಗೆ ಬಂದಿದ್ದೆ. ಆ ಏರ್ಪಾಡನ್ನು ಕೊಟ್ಟವರು ನಮ್ಮ ವಿಭಾಗದ ಮುಖ್ಯಸ್ಥರು ಕಾರ್ತಿಕೇಯನ್ ಸಾರ್. ಮನೆಯಲ್ಲಿರುವ ದಿನ ಮಧ್ಯಾಹ್ನ ಊಟವಾದ ಮೇಲೆ ಅವರೊಂದಿಗೆ, ವಿಭಾಗದವರೊಂದಿಗೆ ವೀಡಿಯೊ ಮೀಟಿಂಗು. ಊಟಕ್ಕೆ ಹೋಗುವಾಗ ನಾನು ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ ಕೆಳಗಿಳಿಯುತ್ತೇನೆ, ಬಂದು ಮುಚ್ಚಳ ತೆರೆಯುತ್ತೇನೆ. ತೆರೆದ ಕೂಡಲೇ ಫ್ಯಾನು ಗುಂಯ್ ಎಂದು ಏರುತ್ತದೆ, ಪರದೆ ಮಂಕಾಗಿ ಯೋಚಿಸುತ್ತದೆ, ಮೀಟಿಂಗಿನಲ್ಲಿ ನನ್ನ ಮುಖ ಬಾಯಿ ತೆರೆದ ಭಂಗಿಯಲ್ಲೇ ನಿಂತುಬಿಡುತ್ತದೆ. ನಾನು ಹೇಳಿದ ಮಾತು ಎಲ್ಲರೂ ಬೇರೆ ವಿಷಯಕ್ಕೆ ಹೋದ ಮೇಲೆ ಅವರನ್ನು ತಲುಪುತ್ತದೆ. ಒಮ್ಮೆ ಯಾರದೋ ಬಡ್ತಿಯ ಸುದ್ದಿ ಹೇಳುತ್ತಿದ್ದಾಗ ನನ್ನ ಧ್ವನಿ ತಡವಾಗಿ ತಲುಪಿ, ‘ಇದರಲ್ಲಿ ನೀರು ನಿಲ್ಲುವುದಿಲ್ಲ, ಸೋರುತ್ತದೆ’ ಎಂದಿತಂತೆ.

ಕಾರ್ತಿಕೇಯನ್ ಸಾರ್ ಕೆಟ್ಟವರಲ್ಲ. ಮೊದಮೊದಲು ನಿನ್ನ ಹಿಂದೆ ಓಡುತ್ತಿರುವ ಮಗ್ಗವನ್ನು ಕೊಂಚ ನಿಲ್ಲಿಸಲು ಹೇಳಮ್ಮ ಎಂದು ತಮಾಷೆ ಮಾಡಿದರು. ಮಗ್ಗವಲ್ಲ ಸಾರ್, ಲ್ಯಾಪ್‌ಟಾಪು ಎಂದೆ. ಅದು ಗೊತ್ತಾದ ಮೇಲೆ ತಮಾಷೆ ನಿಂತಿತು. ಕೆಲವು ವಾರ ಸಹಿಸಿಕೊಂಡು, ಕೊನೆಗೆ ಒಂದು ಸೋಮವಾರ ನೇರವಾಗಿ ಹೇಳಿದರು: ಶುಕ್ರವಾರ ಮಾರಾಟ ವಿಭಾಗದವರಿಗೆ ಹೊಸ ಕೈಪಿಡಿಯನ್ನು ನೀನೇ ತೋರಿಸಬೇಕು, ಅವತ್ತೂ ಹೀಗಾದರೆ ಮುಂದಿನ ತಿಂಗಳಿಂದ ದಿನಾ ಇಲ್ಲಿಗೇ ಬಂದುಬಿಡು, ಕಾರ್ಖಾನೆಯ ಹತ್ತಿರವೇ ಹಾಸ್ಟೆಲಿದೆಯಲ್ಲ. ಕಾರ್ಖಾನೆ ಇರುವುದು ಕೊಯಮತ್ತೂರಿನ ಆಚೆ ಮಗ್ಗುಲಿನಲ್ಲಿ. ಎರಡು ಬಸ್ಸು ಹಿಡಿದು ದಿನಾ ಹೋಗಿಬರುವುದು ಆಗದ ಮಾತು. ಅಂದರೆ ಅವಿನಾಶಿ ಬಿಡಬೇಕು; ಅಡುಗೆಮನೆಯ ಕನ್ನಡ ಬಿಡಬೇಕು; ಮತ್ತೆ ಹಾಸ್ಟೆಲಿನ ಹಾಲಿನ ಲೆಕ್ಕ.

ಆ ಸಂಜೆ ಇದನ್ನು ಸರೋಜಕ್ಕನಿಗೆ ಹೇಳಿದೆ. ಅವರು ಕೈಯಲ್ಲಿದ್ದ ಅವರೆಕಾಯಿಯನ್ನು ಬಿಡಿಸದೆ ಹಾಗೇ ತಟ್ಟೆಗೆ ಹಾಕಿದರು. ಈ ಯಂತ್ರಕ್ಕೆ ಏನು ಬಂತು, ಯಾರಾದರೂ ಕಣ್ಣು ಹಾಕಿದರೋ ಏನೋ ಎಂದರು. ಹಾಸ್ಟೆಲಿನ ಸಾಂಬಾರಿನ ಬಗ್ಗೆ ಅಷ್ಟೇನೂ ಒಳ್ಳೆಯದಲ್ಲದ ಒಂದು ಮಾತು ಹೇಳಿ ಎದ್ದು ಒಳಗೆ ಹೋದರು.

ಇಷ್ಟು ಹೊತ್ತಿಗೆ ನಾನು ಸುಮ್ಮನೆ ಕೂತಿರಲಿಲ್ಲ ಎಂಬುದನ್ನೂ ಹೇಳಬೇಕು. ದಿನಚರಿಯಲ್ಲಿ ಲ್ಯಾಪ್‌ಟಾಪಿಗೆಂದೇ ಬೇರೆ ಪುಟ ಮಾಡಿ ಮೂರು ಅಂಕಣ ಎಳೆದಿದ್ದೆ. ಅಗ್ಗದ ಕಾರಣದಿಂದ ಶುರು. ತೆರೆದಿಟ್ಟ ಪುಟಗಳು ಹೆಚ್ಚಾಗಿರಬಹುದು ಎಂದು ಒಂದೊಂದಾಗಿ ಮುಚ್ಚಿದೆ; ಮುಂದೆಂದಾದರೂ ಓದೋಣವೆಂದು ಇಟ್ಟುಕೊಂಡಿದ್ದ ಲೇಖನಗಳನ್ನೆಲ್ಲ ಬೀಳ್ಕೊಟ್ಟೆ. ಗುಂಯ್. ಯಾವ ತಂತ್ರಾಂಶ ಹೆಚ್ಚು ಶಕ್ತಿ ತಿನ್ನುತ್ತಿದೆ ಎಂದು ತೋರಿಸುವ ಕಿಟಕಿ ತೆರೆದು ನೋಡಿದೆ. ವೈರಸ್ ಹಿಡಿಯುವ ತಂತ್ರಾಂಶ ಮೇಲಿನ ಸಾಲಿನಲ್ಲಿತ್ತು, ನೋಡನೋಡುತ್ತಿದ್ದಂತೆ ಕೆಳಗೆ ಜಾರಿತು. ಪೊಲೀಸರನ್ನು ಕಂಡ ಜೂಜುಕೋರರ ಹಾಗೆ, ನಾನು ನೋಡುವಾಗ ಎಲ್ಲವೂ ಸಭ್ಯವಾಗಿದ್ದವು. ಅಪ್‌ಡೇಟು ಹಾಕಿದೆ. ಹಾಕಿದ ಅಪ್‌ಡೇಟು ತೆಗೆದೆ. ಹಾಸಿಗೆಯ ಮೇಲೆ ಇಡುವುದನ್ನು ಬಿಟ್ಟು ಮೇಜಿನ ಮೇಲೆ ಇಟ್ಟೆ, ಕೆಳಗೆ ಎರಡು ಬಾಟಲಿ ಮುಚ್ಚಳ ಕೊಟ್ಟು ಎತ್ತರ ಮಾಡಿದೆ. ಕಾರ್ಖಾನೆಯ ಕಂಪ್ಯೂಟರ್ ವಿಭಾಗಕ್ಕೆ ಫೋನು ಮಾಡಿದರೆ ನಾನು ಮಾತು ಮುಗಿಸುವ ಮೊದಲೇ ಅಲ್ಲಿನವರು ಪೂರ್ತಿ ಆಫ್ ಮಾಡಿ ಆನ್ ಮಾಡಿ ಎಂದರು. ಮಾಡಿದೆ. ಆ ಬೆಳಿಗ್ಗೆ ಸದ್ದಿಲ್ಲ. ಊಟ ಮಾಡಿ ಬಂದು ಮುಚ್ಚಳ ತೆರೆದರೆ ಮತ್ತೆ ಗುಂಯ್.

ಪೂರ್ತಿ ಆಫ್ ಮಾಡುವ ಅಭ್ಯಾಸ ನನಗಿರಲಿಲ್ಲ. ನಿಮಗೂ ಇರಲಾರದು. ಮುಚ್ಚಳ ಮುಚ್ಚಿದರೆ ಕೆಲಸ ನಿಂತಂತೆ, ತೆರೆದರೆ ಬಿಟ್ಟ ಜಾಗದಿಂದಲೇ ಶುರು, ಎಂಥ ಸುಖ. ಆದರೆ ಈಚಿನ ಲ್ಯಾಪ್‌ಟಾಪುಗಳು ಮುಚ್ಚಳ ಮುಚ್ಚಿದ ಮಾತ್ರಕ್ಕೆ ಮಲಗುವುದಿಲ್ಲವಂತೆ. ಹಳೆಯವು ನಿಜಕ್ಕೂ ಮಲಗುತ್ತಿದ್ದವು; ಹೊಸವು ಬ್ಯಾಂಕಿನ ಬಾಗಿಲ ಬಳಿ ಕುರ್ಚಿಯಲ್ಲಿ ಕೂತ ಕಾವಲುಗಾರನ ಹಾಗೆ ಕಣ್ಣು ಮಾತ್ರ ಮುಚ್ಚಿರುತ್ತವೆ. ಒಳಗೊಳಗೇ ಅಂಚೆ ತರಿಸಿಕೊಳ್ಳುತ್ತವೆ, ಅಪ್‌ಡೇಟು ಇಳಿಸಿಕೊಳ್ಳುತ್ತವೆ, ಯಾರೂ ನೋಡುತ್ತಿಲ್ಲವೆಂದು ಏನೇನೋ ತಪಾಸಣೆ ಮಾಡಿಕೊಳ್ಳುತ್ತವೆ. ಇದನ್ನೂ ನಾನು ಓದಿ ತಿಳಿದುಕೊಂಡಿದ್ದೆ, ಪುಟದಲ್ಲಿ ಬರೆದೂ ಇಟ್ಟಿದ್ದೆ. ಬರೆದಿಟ್ಟದ್ದೆಲ್ಲ ತಲೆಗೆ ಹೋಗಿರುತ್ತದೆ ಎಂದು ನಂಬುವುದು ದಿನಚರಿ ಬರೆಯುವವರಿಗೆ ಅಂಟಿಕೊಂಡ ಕಾಯಿಲೆ. ಲ್ಯಾಪ್‌ಟಾಪು ಮಲಗಿರುವುದಿಲ್ಲ ಎಂದು ಬರೆದ ಕೈಯಲ್ಲೇ ಮುಚ್ಚಳ ಮುಚ್ಚಿ, ನಿಂತಿತು ಎಂದುಕೊಂಡು ಊಟಕ್ಕೆ ಹೋಗುತ್ತಿದ್ದೆ.

ಕೊನೆಗೆ ದುಬಾರಿ ಕಾರಣಕ್ಕೆ ಬಂದೆ. ಮಂಗಳವಾರ ಬೆಳಿಗ್ಗೆ ಲ್ಯಾಪ್‌ಟಾಪನ್ನು ಬಸ್ ನಿಲ್ದಾಣದ ಹತ್ತಿರದ ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯಾತ ಕೆಳಗಿನ ತಟ್ಟೆ ಬಿಚ್ಚಿ, ಫ್ಯಾನಿನ ಬಾಯಿಂದ ಚಿಮುಟದಲ್ಲಿ ಏನನ್ನೋ ಎಳೆದು ನನ್ನ ಮುಂದಿಟ್ಟ. ಬಿಳಿಯ ಪುಟ್ಟ ಕಂಬಳಿಯ ಹಾಗಿತ್ತು. ಮಗ್ಗಗಳ ಪಕ್ಕ ಬಾಳುವವರ ಮನೆಯಲ್ಲಿ ಹತ್ತಿಯ ನವುರು ಎಳೆಗಳು ಗಾಳಿಯಲ್ಲೇ ಇರುತ್ತವೆ; ಕಿಟಕಿ ಸರಳಿನ ಮೇಲೆ, ಹುಬ್ಬಿನ ಮೇಲೆ, ಸಾರಿನ ಮೇಲೆ. ಲ್ಯಾಪ್‌ಟಾಪು ಅದನ್ನೇ ಉಸಿರಾಡಿ ಒಳಗೊಂದು ಕಂಬಳಿ ನೇಯ್ದುಕೊಂಡಿತ್ತು. ಈ ಊರಲ್ಲಿ ಎಲ್ಲರದ್ದೂ ಹೀಗೇ, ಕೆಲಸವಿಲ್ಲದಾಗ ಬಟ್ಟೆ ಮುಚ್ಚಿಡಿ ಎಂದು ತಮಿಳಿನಲ್ಲಿ ಹೇಳಿ ತಟ್ಟೆ ಮುಚ್ಚಿಕೊಟ್ಟ.

ನಾನು ಗೆದ್ದವಳಂತೆ ಮನೆಗೆ ಬಂದೆ. ಆ ಕಂಬಳಿಯನ್ನು ಕಾಗದದಲ್ಲಿ ಸುತ್ತಿ ತಂದಿದ್ದೆ, ಸರೋಜಕ್ಕನಿಗೆ ತೋರಿಸಿದೆ. ಅವರು ಬೆರಳಲ್ಲಿ ತಿರುಚಿ ನೋಡಿ, ಇದು ನಮ್ಮ ಶೆಡ್ಡಿನ ಹತ್ತಿಯೇ ಎಂದರು. ಬಟ್ಟೆ ಮುಚ್ಚಿಡಲು ಹೇಳಿದ್ದಾನೆ ಎಂದದ್ದಕ್ಕೆ ಅವರ ಮುಖ ಅರಳಿತು. ಯಾಕೆಂದರೆ ಬಟ್ಟೆಯನ್ನು ಅವರು ಆಗಲೇ ಮುಚ್ಚುತ್ತಿದ್ದರು.

ಇದು ಈ ಮನೆಯ ಪದ್ಧತಿ. ಮಗ್ಗ ನಿಂತಿತೆಂದರೆ, ಅದು ಊಟದ ಹೊತ್ತಾಗಲಿ ಹಬ್ಬದ ರಜೆಯಾಗಲಿ, ಹಾಸಿನ ಎಳೆಗಳ ಮೇಲೆ ಬಟ್ಟೆ ಬೀಳಬೇಕು. ಇಲ್ಲವಾದರೆ ನವುರು ಕೂತು ನೇಯ್ಗೆ ಕೆಡುತ್ತದೆ. ಆ ರೂಢಿ ಶೆಡ್ಡಿನಿಂದ ಮನೆಯೊಳಗೂ ಬಂದಿದೆ. ಗ್ರೈಂಡರಿಗೆ ಬಟ್ಟೆ, ಮಿಕ್ಸಿಗೆ ಬಟ್ಟೆ, ಟೀವಿಗೆ ಅಂಚಿರುವ ಬಟ್ಟೆ. ಇವಳು ಹೊದಿಸದೆ ಉಳಿದ ಸಾಮಾನು ಈ ಮನೆಯಲ್ಲಿ ನಾನೊಬ್ಬನೇ ಎಂದು ಪಳನಿಸಾಮಿ ಅಣ್ಣ ಆಗಾಗ ಹೇಳುತ್ತಾರೆ. ನೀವು ಎಲ್ಲಿ ಓಡ್ತಿದ್ದೀರ, ಹೊದಿಸೋದೇ ವಾಸಿ ಎಂದು ಸರೋಜಕ್ಕ ಉತ್ತರ ಕೊಡುತ್ತಾರೆ. ಮಹಡಿಗೆ ಮೆಣಸಿನಕಾಯಿ ಒಣಗಿಸಲು ಬರುವಾಗ, ನನ್ನ ಮೇಜಿನ ಮೇಲೆ ಮುಚ್ಚಿದ ಲ್ಯಾಪ್‌ಟಾಪು ಕಂಡರೆ, ಅದರ ಮೇಲೂ ಹಳೆಯ ಹತ್ತಿ ಸೀರೆಯ ಒಂದು ತುಂಡು ಬೀಳುತ್ತಿತ್ತು. ಊಟ ಮುಗಿಸಿ ಬಂದು ನಾನು ಆ ತುಂಡನ್ನು ಮಡಿಸಿ ಬದಿಗಿಡುತ್ತಿದ್ದೆ. ನೀಲಿ ಅಂಚಿನ, ತೊಳೆದು ತೊಳೆದು ಮೆದುವಾದ ಬಟ್ಟೆ. ಯಾರೋ ನನ್ನ ವಸ್ತುವನ್ನು ಜೋಪಾನ ಮಾಡಿದ್ದಾರೆ ಎಂಬ ಸಣ್ಣ ಸಂತೋಷದಲ್ಲಿ ದಿನಾ ಮಡಿಸುತ್ತಿದ್ದೆ. ಬಸ್ಸು ತಡವಾದದ್ದನ್ನೂ ಬಿಡದೆ ಬರೆಯುವ ನನ್ನ ದಿನಚರಿಯಲ್ಲಿ ಈ ಬಟ್ಟೆಯ ಬಗ್ಗೆ ಒಂದು ಅಕ್ಷರವಿಲ್ಲ. ಪ್ರೀತಿಯಿಂದ ಮಾಡಿದ್ದನ್ನು ಕಾರಣದ ಅಂಕಣದಲ್ಲಿ ಹುಡುಕಬೇಕು ಎಂದು ಯಾರಿಗೆ ಹೊಳೆಯುತ್ತದೆ?

ರಿಪೇರಿಯವನ ಮಾತು ಕೇಳಿದ ಮಧ್ಯಾಹ್ನ ಸರೋಜಕ್ಕ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಹೊದಿಸಿದರು, ಅಂಚುಗಳನ್ನು ನಾಲ್ಕೂ ಕಡೆ ಒಳಗೆ ಸಿಕ್ಕಿಸಿ. ಆ ದಿನದ ಮೀಟಿಂಗಿನಲ್ಲಿ ಫ್ಯಾನು ಹಿಂದೆಂದೂ ಕೂಗದ ಹಾಗೆ ಕೂಗಿತು. ಪರದೆ ಒಮ್ಮೆ ಕಪ್ಪಾಗಿ ಮತ್ತೆ ಬಂತು. ಕಾರ್ತಿಕೇಯನ್ ಸಾರ್ ಕನ್ನಡಕ ತೆಗೆದು ಒರೆಸಿಕೊಂಡರು. ಅದು ನನ್ನ ಪರದೆಯಲ್ಲಿ ಬಹಳ ಹೊತ್ತು ನಿಂತೇ ಇದ್ದ ಕೊನೆಯ ಚಿತ್ರ. ಸಂಜೆ ಹಾಸ್ಟೆಲಿಗೆ ಫೋನು ಮಾಡಿ ಜಾಗವಿದೆಯೇ ಎಂದು ಕೇಳಿದೆ. ಇದೆ ಎಂದರು. ಇಲ್ಲ ಅನ್ನಬಾರದಿತ್ತೇ ಎನಿಸಿತು.

ಮರುದಿನ ನಮ್ಮ ಬೀದಿಯ ಕರೆಂಟು ತೆಗೆಯುವ ದಿನ. ತಿಂಗಳಿಗೊಮ್ಮೆ ದುರಸ್ತಿಗೆಂದು ಬೆಳಿಗ್ಗೆ ತೆಗೆದರೆ ಸಂಜೆಯೇ ಕೊಡುವುದು. ನೀವು ಮಗ್ಗಗಳ ಊರಿನಲ್ಲಿ ಇದ್ದವರಲ್ಲದಿದ್ದರೆ ಆ ದಿನ ಹೇಗಿರುತ್ತದೆಂದು ಹೇಳುವುದು ಕಷ್ಟ. ಉಳಿದ ದಿನಗಳಲ್ಲಿ ಖಟಖಟ ಎಂಬ ಸದ್ದು ಎಷ್ಟು ತುಂಬಿಕೊಂಡಿರುತ್ತದೆಂದರೆ ಅದು ಕೇಳಿಸುವುದೇ ಇಲ್ಲ. ಅದು ನಿಂತಾಗ ಕಿವಿ ತೆರೆದುಕೊಳ್ಳುತ್ತದೆ. ಗೋಡೆ ಗಡಿಯಾರಕ್ಕೆ ಸದ್ದಿದೆ ಎಂದು ನನಗೆ ತಿಳಿದದ್ದು ಇಂಥ ಒಂದು ದಿನವೇ. ಜನ ಅವತ್ತು ಅಭ್ಯಾಸಬಲದಿಂದ ಕೂಗಿ ಮಾತಾಡಿ, ತಮ್ಮ ಧ್ವನಿಗೆ ತಾವೇ ಬೆಚ್ಚಿ ತಗ್ಗಿಸಿಕೊಳ್ಳುತ್ತಾರೆ.

ಬ್ಯಾಟರಿಯ ಮೇಲೆಯೇ ಕೆಲಸ ಮಾಡಿ, ಊಟದ ಹೊತ್ತಿಗೆ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದೆ. ಮಗ್ಗವಿಲ್ಲದ್ದರಿಂದ ಬಿಡುವಾಗಿದ್ದ ಸರೋಜಕ್ಕ ಮಹಡಿಯಲ್ಲಿ ಮೆಣಸಿನಕಾಯಿ ಹರವಿ ನನ್ನ ಕೋಣೆಗೆ ಬಂದರು. ನಿಂತಿತಾ ಎಂದು ಕೇಳಿದರು, ನಿಂತಿತು ಅಕ್ಕಾ ಎಂದೆ. ಬಟ್ಟೆಯನ್ನು ಎರಡು ಮಡಿಕೆ ಮಾಡಿ, ಅಂಚು ಸಿಕ್ಕಿಸಿ, ಕಿಟಕಿಯ ಬಳಿ ಕೂತರು. ಊಟಕ್ಕೆ ಇಳಿಯುವ ಮೊದಲು ಸ್ವಲ್ಪ ಮಾತಾಡೋಣವೆಂದು ನಾನೂ ಹಾಸಿಗೆಯ ತುದಿಯಲ್ಲಿ ಕೂತೆ. ಮಾತೆಲ್ಲ ಹಾಸ್ಟೆಲಿನದೇ. ಅಲ್ಲಿ ಮಜ್ಜಿಗೆ ಕೊಡುತ್ತಾರೋ ಇಲ್ಲವೋ ಎಂದು ಕೇಳುತ್ತಿದ್ದವರು ನಡುವೆ ನಿಲ್ಲಿಸಿ ಕಿವಿಗೊಟ್ಟರು.

“ಕರೆಂಟಿಲ್ಲದೆ ಯಾರ ಮನೆ ತರಿ ಕಣ್ಣು ಓಡ್ತಿರೋದು?”

ತರಿ ಎಂದರೆ ಅವರ ಮಾತಿನಲ್ಲಿ ಮಗ್ಗ. ನನಗೂ ಕೇಳಿಸಿತು, ದೂರದಲ್ಲೆಲ್ಲೋ ಗುಂಯ್ ಎನ್ನುವ ಹಾಗೆ. ಎದುರು ಮನೆಯವರು ಜನರೇಟರು ತಂದಿರಬೇಕು, ಅವರಿಗೀಗ ದುಡ್ಡು ಬಂದಿದೆ ಎಂದು ಸರೋಜಕ್ಕ ಕಿಟಕಿಯಿಂದ ಬಗ್ಗಿ ನೋಡಿದರು. ಎದುರು ಮನೆಯವರು ಕಟ್ಟೆಯ ಮೇಲೆ ಮಲಗಿದ್ದರು. ಕಿಟಕಿಯಿಂದ ತಲೆ ಹೊರಗಿಟ್ಟರೆ ಸದ್ದು ಕಡಿಮೆಯಾಗುತ್ತದೆ, ಒಳಗೆ ತಂದರೆ ಹೆಚ್ಚಾಗುತ್ತದೆ. ಇಬ್ಬರೂ ನಿಧಾನವಾಗಿ ಮೇಜಿನ ಕಡೆ ತಿರುಗಿದೆವು. ಸದ್ದು ನೀಲಿ ಅಂಚಿನ ಬಟ್ಟೆಯ ಒಳಗಿನಿಂದ ಬರುತ್ತಿತ್ತು.

ಸರೋಜಕ್ಕ ಹೋಗಿ ಬಟ್ಟೆ ಎತ್ತಿದರು, ಮುಚ್ಚಳದ ಮೇಲೆ ಅಂಗೈ ಇಟ್ಟು ತಟಕ್ಕನೆ ತೆಗೆದರು. ಆಮೇಲೆ ನನ್ನ ಕಡೆ ನೋಡಲಿಲ್ಲ. ಬಟ್ಟೆಯನ್ನು ಎದೆಗೆ ಹಿಡಿದುಕೊಂಡೇ ಮೆಲ್ಲಗೆ ಹೇಳಿದರು:

“ಗೋಣಿಚೀಲ, ಕಣ್ಣು.”

ನನಗೆ ನಗು ಬರಬೇಕಿತ್ತು, ಬರಲಿಲ್ಲ. ತೊಂದರೆ, ಕಾರಣ, ಪರಿಹಾರ ಮೂರೂ ನನ್ನ ಕಣ್ಣೆದುರು ಒಂದೇ ಸಾಲಿನಲ್ಲಿ ಬಂದು ನಿಂತವು. ಮುಚ್ಚಳ ಮುಚ್ಚಿದರೂ ಒಳಗೆ ಓಡುವ ಯಂತ್ರ. ಅದರ ಗಾಳಿಯ ದಾರಿಗೆ ಬಟ್ಟೆ. ನಾನು ಉಂಡು ಬರುವಷ್ಟರಲ್ಲಿ ದೋಸೆಯ ಕಾವಲಿ. ಅಷ್ಟು ಬಿಸಿಯಾದದ್ದು ಎದ್ದ ಮೇಲೆ ಫ್ಯಾನು ಕೂಗಿ, ಕೆಲಸ ನಿಧಾನ ಮಾಡಿ, ತನ್ನನ್ನು ತಾನೇ ತಣ್ಣಗೆ ಮಾಡಿಕೊಳ್ಳಲು ಹೆಣಗುತ್ತಿತ್ತು. ಇದರಲ್ಲಿ ನಿಮ್ಮದೇನೂ ಇಲ್ಲ, ನಿಂತಿದೆ ಎಂದು ಹೇಳಿದವಳು ನಾನು, ಮುಚ್ಚಿ ಎಂದವನು ರಿಪೇರಿಯವನು ಎಂದೆ. ಅವರು ತಲೆಯಾಡಿಸಿ, ಬಟ್ಟೆಯನ್ನು ತೆಗೆದುಕೊಂಡು ಕೆಳಗೆ ಹೋದರು. ಮೆಣಸಿನಕಾಯಿ ಸಂಜೆಯ ತನಕ ಮಹಡಿಯಲ್ಲೇ ಇತ್ತು, ಕೊನೆಗೆ ನಾನೇ ಎತ್ತಿಟ್ಟೆ.

ಮರುದಿನ ಲ್ಯಾಪ್‌ಟಾಪು ಊಟವಾದ ಮೇಲೆ ಬೆಕ್ಕಿನ ಹಾಗೆ ಸದ್ದಿಲ್ಲದೆ ಎದ್ದಿತು. ಶುಕ್ರವಾರ ಮಾರಾಟ ವಿಭಾಗದ ಮುಂದೆ ಕೈಪಿಡಿ ತೋರಿಸಿದೆ, ಪುಟಗಳು ನಾನು ಹೇಳಿದಾಗ ಹೇಳಿದ ಹಾಗೆ ತಿರುಗಿದವು. ಕೊನೆಗೆ ಕಾರ್ತಿಕೇಯನ್ ಸಾರ್, ಎಲ್ಲ ಸರಿ, ಆದರೆ ಫ್ಯಾನಿನ ಸದ್ದು ಇನ್ನೂ ಕೇಳುತ್ತಿದೆಯಲ್ಲ ಎಂದರು. ಅದು ಫ್ಯಾನಲ್ಲ ಸಾರ್, ಈಗ ಕೇಳುತ್ತಿರುವುದು ನಿಜವಾದ ಮಗ್ಗ ಎಂದೆ. ಹಾಗಾದರೆ ಓಡಲಿ ಬಿಡು, ನೀನು ಅಲ್ಲೇ ಇರು ಎಂದರು. ಹಾಸ್ಟೆಲಿಗೆ ಫೋನು ಮಾಡಿ ಜಾಗ ಬೇಡವೆಂದೆ.

ಮನೆ ಉಳಿಯಿತು. ಆದರೆ ಮನೆಯಲ್ಲಿ ಸರೋಜಕ್ಕ ಇರಲಿಲ್ಲ. ಇದ್ದರು, ಆದರೆ ಮಹಡಿಗೆ ಬರುತ್ತಿರಲಿಲ್ಲ. ಮೆಣಸಿನಕಾಯಿಯನ್ನು ಅಂಗಳದಲ್ಲಿ ಹರವಿ, ಕೋಳಿ ಓಡಿಸುತ್ತ ಕೂರುತ್ತಿದ್ದರು. ಊಟಕ್ಕೆ ಹೋದರೆ ಬಡಿಸಿ ಒಳಗೆ ಹೋಗುತ್ತಿದ್ದರು. ಕೈಪಿಡಿ ಓದಲಾ ಎಂದರೆ ತಲೆನೋವು ಎನ್ನುತ್ತಿದ್ದರು. ಉಳಿದುಕೊಂಡೆ ಎಂಬ ಸುದ್ದಿ ಹೇಳಿದಾಗಲೂ ಒಳ್ಳೆಯದಾಯಿತು ಎಂದರೇ ಹೊರತು ಮುಖ ಎತ್ತಲಿಲ್ಲ. ಪಳನಿಸಾಮಿ ಅಣ್ಣ ಒಂದು ದಿನ ಶೆಡ್ಡಿನ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿ, ಅವಳು ನಿನ್ನನ್ನು ಮನೆ ಬಿಡಿಸುತ್ತಿದ್ದೆನಲ್ಲ ಅಂತ ಕೊರಗುತ್ತಿದ್ದಾಳೆ, ಗ್ರೈಂಡರಿನ ಬಟ್ಟೆಯನ್ನೂ ತೆಗೆದು ಮಡಿಸಿಟ್ಟಿದ್ದಾಳೆ ಎಂದರು. ಅವರ ಧ್ವನಿಯಲ್ಲಿ ಯಾವಾಗಿನ ತಮಾಷೆ ಇರಲಿಲ್ಲ.

ಕೋಣೆಗೆ ಬಂದು ಲ್ಯಾಪ್‌ಟಾಪಿನ ಮುಂದೆ ಕೂತೆ. ಇದಕ್ಕೆ ನನ್ನ ಮೂರು ಅಂಕಣದಲ್ಲಿ ಜಾಗವಿರಲಿಲ್ಲ. ಬೆರಳನ್ನು ಸುಮ್ಮನೆ ಮುಚ್ಚಳದ ಮೇಲೆ ಎಳೆದೆ. ಬೆರಳ ತುದಿಗೆ ಬಿಳಿಯ ನವುರು ಬಂತು. ಬಟ್ಟೆ ನಿಂತು ಕೆಲವೇ ದಿನವಾಗಿತ್ತು, ಆಗಲೇ ಎರಡನೆಯ ಕಂಬಳಿಯ ನೇಯ್ಗೆ ಶುರುವಾಗಿತ್ತು. ರಿಪೇರಿಯವನು ಸುಳ್ಳು ಹೇಳಿರಲಿಲ್ಲ, ಸರೋಜಕ್ಕನ ಪದ್ಧತಿಯಲ್ಲೂ ತಪ್ಪಿರಲಿಲ್ಲ. ಮಗ್ಗ ನಿಂತ ಮೇಲೆ ಬಟ್ಟೆ, ಅಷ್ಟೇ ಅವರ ನಿಯಮ. ನಿಲ್ಲಿಸುವುದು ನನ್ನ ಪಾಲಿನ ಕೆಲಸ, ಅದನ್ನು ನಾನು ಮಾಡಿರಲಿಲ್ಲ.

ಆ ಸಂಜೆ ಲ್ಯಾಪ್‌ಟಾಪನ್ನು ಪೂರ್ತಿ ಆಫ್ ಮಾಡಿದೆ. ದೀಪವೆಲ್ಲ ಆರುವ ತನಕ ಕಾದೆ. ಹಾಗೇ ಎತ್ತಿಕೊಂಡು ಕೆಳಗೆ ಅಡುಗೆಮನೆಗೆ ಒಯ್ದು ಸರೋಜಕ್ಕನ ಮುಂದಿಟ್ಟು, ಮುಚ್ಚಳದ ಮೇಲಿನ ನವುರನ್ನು ತೋರಿಸಿದೆ. ನಿಮ್ಮ ಮನೆಯಲ್ಲಿ ನನ್ನ ಸಾಮಾನು ಹೀಗಾಗುವುದಾದರೆ ನಾನೇ ಹಾಸ್ಟೆಲಿಗೆ ಹೋಗುತ್ತೇನೆ ಎಂದೆ. ಅವರು ಸೆರಗಿನ ತುದಿಯಿಂದ ಮುಚ್ಚಳ ಒರೆಸಿದರು. ಅಂಗೈ ಇಟ್ಟರು. ಬಗ್ಗಿ ಕಿವಿ ಇಟ್ಟರು. ಇಷ್ಟೆಲ್ಲ ಮಾಡಿದ ಮೇಲೂ ನಂಬದೆ ನನ್ನ ಮುಖ ನೋಡಿದರು.

“ನಿಜವಾಗ್ಲೂ ನಿಲ್ಸಿದ್ದೀಯಾ? ಹೋದ ಸಲದ ಹಾಗೆ ಅಲ್ಲವಲ್ಲ?”

ನಿಜವಾಗಿಯೂ ನಿಲ್ಲಿಸಿದ್ದೇನೆ ಎಂದೆ. ಅವರು ಬೀರುವಿನಿಂದ ಆ ನೀಲಿ ಅಂಚಿನ ತುಂಡನ್ನು ತಂದು, ಒಂದೇ ಮಡಿಕೆಯಲ್ಲಿ ಹೊದಿಸಿದರು. ಆಮೇಲೆ ಗ್ರೈಂಡರಿಗೂ ಹೊದಿಸಿದರು. ನಡುಮನೆಯಿಂದ ಪಳನಿಸಾಮಿ ಅಣ್ಣ, ಇನ್ನು ನನ್ನದೊಂದೇ ಬಾಕಿ ಎಂದು ಕೂಗಿದರು. ನನಗೆ ಆ ಹಳೆಯ ತಮಾಷೆ ಅಷ್ಟು ಚೆನ್ನಾಗಿ ಹಿಂದೆಂದೂ ಕೇಳಿಸಿರಲಿಲ್ಲ.

ಈಗ ನಮ್ಮಲ್ಲಿ ಒಂದು ಕ್ರಮವಿದೆ. ಮಧ್ಯಾಹ್ನ ಬಟ್ಟೆಯಿಲ್ಲ. ಸಂಜೆ ಕೆಲಸ ಮುಗಿದ ಮೇಲೆ ಪೂರ್ತಿ ಆಫ್ ಮಾಡಿ, ಮೆಟ್ಟಿಲ ತುದಿಯಿಂದ ಸರೋಜಕ್ಕನನ್ನು ಕೂಗುತ್ತೇನೆ. ಅವರು ಬಂದು ಅಂಗೈ ಇಟ್ಟು ನೋಡಿ ಹೊದಿಸುತ್ತಾರೆ. ನನ್ನ ಮಾತಿನ ಮೇಲೆ ಅವರಿಗೆ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ, ನಾನೂ ಒತ್ತಾಯ ಮಾಡುವುದಿಲ್ಲ. ಪಂಪಿನ ಹೊಸ ಕೈಪಿಡಿಯಲ್ಲಿ ಗೋಣಿಚೀಲದ ಸಾಲಿಗೆ, ‘ಮೋಟಾರು ನಿಂತಿದೆಯೇ ಎಂದು ಕೈಯಿಟ್ಟು ನೋಡಿ, ಆಮೇಲೆ ಮುಚ್ಚಿ’ ಎಂದು ಸೇರಿಸಿದ್ದೇನೆ. ಖಚಿತಪಡಿಸಿಕೊಳ್ಳಿ ಎಂಬ ಮಾತನ್ನು ತೆಗೆದಿದ್ದೇನೆ.

ಮೊನ್ನೆ ಲ್ಯಾಪ್‌ಟಾಪಿಗೆ ಬಟ್ಟೆ ಹೊದಿಸಿಯಾಗಿತ್ತು, ನಾನು ರಾತ್ರಿಯ ಊಟಕ್ಕೆ ಕೂತಿದ್ದೆ. ಒಂದು ಕೈಯಲ್ಲಿ ತುತ್ತು, ಇನ್ನೊಂದು ಕೈಯಲ್ಲಿ ಫೋನು. ಕಾರ್ತಿಕೇಯನ್ ಸಾರ್ ಏನೋ ಕೇಳಿ ಕಳಿಸಿದ್ದರು, ಅದಕ್ಕೆ ಏನು ಉತ್ತರ ಬರೆಯಲಿ ಎಂದು ಯೋಚನೆ. ಸರೋಜಕ್ಕ ಸಾರು ಬಡಿಸಿ, ಇನ್ನೂ ಸ್ವಲ್ಪ ಹಾಕಲಾ ಎಂದು ಎರಡು ಸಲ ಕೇಳಿದರಂತೆ. ಮೂರನೆಯ ಸಲ ಕೇಳಲಿಲ್ಲ. ಸಾರಿನ ಪಾತ್ರೆ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ನನ್ನ ಹಣೆಯ ಮೇಲೆ ಅಂಗೈ ಇಟ್ಟರು.

“ಇದು ಇನ್ನೂ ಓಡ್ತಾನೇ ಇದೆ,” ಎಂದರು ಗಂಡನಿಗೆ. ಆಮೇಲೆ ನನಗೆ, “ಮೊದಲು ನಿಲ್ಸು ಕಣ್ಣು. ಅಪ್ಪುರ ಊಟ ಮಾಡು.”

ಫೋನನ್ನು ಪೂರ್ತಿ ಆಫ್ ಮಾಡಿ ಅವರ ಕೈಗೆ ಕೊಟ್ಟೆ. ಅವರು ಅದನ್ನು ಗ್ರೈಂಡರಿನ ಮೇಲಿಟ್ಟು, ಗ್ರೈಂಡರಿಗೆ ಹೊದಿಸಿದ್ದ ಬಟ್ಟೆಯ ಒಂದು ತುದಿಯನ್ನು ಅದರ ಮೇಲೂ ಎಳೆದರು.